ದೈವಕ್ಕೆ ತಿಳಿಸಿ ಮಾರಿದ ಕೋವಿ

ಕುಂಜತ್ತೂರಿನ ಹೊನ್ನಯ್ಯನ ಗುರಿಯ ಬಗ್ಗೆ ಸಂಶಯ ಇದ್ದವರು ಆ ಸೀಮೆಯಲ್ಲಿ ಇಬ್ಬರೇ. ಒಬ್ಬಳು ಅವನ ಹೆಂಡತಿ ಲೋಲಾಕ್ಷಿ. ಇನ್ನೊಬ್ಬ ಸ್ವತಃ ಹೊನ್ನಯ್ಯ.

ಉಳಿದವರಿಗೆ ಸಂಶಯ ಪಡಲು ಬಟ್ಯ ಬಿಡುತ್ತಿರಲಿಲ್ಲ. ಬಟ್ಯ ಇಪ್ಪತ್ತು ವರ್ಷಗಳಿಂದ ಹೊನ್ನಯ್ಯನ ಗದ್ದೆಯಲ್ಲಿ ದುಡಿಯುವವನು. ಹೋದ ವರ್ಷ ಮಳೆಗಾಲದ ಏಣೆಲು ಬೆಳೆ ಹಾಲುಗಟ್ಟುವ ಹೊತ್ತಿನಲ್ಲಿ, ಒಂದು ಮುಸ್ಸಂಜೆ, ಅವನು ಗದ್ದೆಯ ಬದುವಿನಲ್ಲಿ ಬಗ್ಗಿ ಕೂತು ನೀರಿನ ಕಂಡಿ ಕಟ್ಟುತ್ತಿದ್ದ. ಆಗ ಹೊನ್ನಯ್ಯನ ಕೋವಿ ಢಂ ಎಂದಿತು. ಈಡು ಬಟ್ಯನ ತಲೆಯ ಮೇಲಿದ್ದ ಹಾಳೆಯ ಮುಟ್ಟಾಳೆಯ ತುದಿಯನ್ನು ಹಾರಿಸಿಕೊಂಡು ಹೋಯಿತು. ಬಟ್ಯ ಹೇಳುವ ಪ್ರಕಾರ ಅವನ ಬೆನ್ನ ಹಿಂದೆ ಒಂದು ಒಂಟಿ ಹಂದಿ ನಿಂತಿತ್ತು. ಇನ್ನೊಂದು ಕ್ಷಣ ತಡವಾಗಿದ್ದರೆ ಅವನ ಕರುಳು ಬದುವಿನ ಮೇಲೆ ಬೀಳುತ್ತಿತ್ತು. ಧನಿಗಳು ಕೂದಲೆಳೆಯಷ್ಟು ಜಾಗ ನೋಡಿ ಅವನ ತಲೆಯ ಮೇಲಿಂದಲೇ ಈಡು ದಾಟಿಸಿದರು. ಹಂದಿ ಸತ್ತಿತೋ ಎಂದು ಯಾರಾದರೂ ಕೇಳಿದರೆ, ಕೊಲ್ಲುವುದು ಎಲ್ಲರಿಗೂ ಬರುತ್ತದೆ, ಹೀಗೆ ಓಡಿಸುವುದು ಧನಿಗಳಿಗೆ ಮಾತ್ರ ಎನ್ನುತ್ತಿದ್ದ. ಮೊದಲ ತಿಂಗಳು ಆ ಹಂದಿಯ ಕೋರೆ ಗೇಣುದ್ದ ಇತ್ತು. ಮಳೆಗಾಲ ಬರುವ ಹೊತ್ತಿಗೆ ಮೊಳದುದ್ದ ಬೆಳೆದಿತ್ತು.

ಆದರೆ ಅಲ್ಲಿ ಹಂದಿಯೇ ಇರಲಿಲ್ಲ. ಎರಡು ವರ್ಷಗಳಿಂದ ಹೊನ್ನಯ್ಯನ ಕಣ್ಣಿಗೆ ಮಂಜು ಕವಿಯುತ್ತಾ ಬಂದಿತ್ತು. ಆ ಸಂಜೆ ಬದುವಿನಲ್ಲಿ ಕಪ್ಪಗೆ ಏನೋ ಅಲುಗಾಡಿದ್ದು ಕಂಡಿತು, ಹೊಡೆದುಬಿಟ್ಟ. ಕಪ್ಪಗಿದ್ದದ್ದು ಎದ್ದು ನಿಂತು, ಹಂದಿ ತಪ್ಪಿಸಿಕೊಂಡಿತೇ ಧನಿ ಎಂದು ಕೇಳಿತು. ಹೊನ್ನಯ್ಯ 'ಹೂಂ' ಎಂದ. ಜನ್ಮದಲ್ಲಿ ಅವನು ಹೇಳಿದ ದೊಡ್ಡ ಸುಳ್ಳೆಂದರೆ ಆ ಒಂದಕ್ಷರ. ಉಳಿದದ್ದನ್ನೆಲ್ಲ ಬಟ್ಯನೇ ಕಟ್ಟಿದ.

ಅಂದಿನಿಂದ ಹೊನ್ನಯ್ಯ ಕೋವಿ ಮುಟ್ಟಲಿಲ್ಲ. ಗೋಡೆಯಲ್ಲಿ ಅದು ತೂಗುತ್ತಿದ್ದರೆ ಊಟ ಸೇರುತ್ತಿರಲಿಲ್ಲ. ಕೊನೆಗೆ, ಮೇ ತಿಂಗಳ ಪತ್ತನಾಜೆಗೆ ಮುಂಚೆ, ಪೈವಳಿಕೆಯಲ್ಲಿದ್ದ ತಂಗಿ ಸುಂದರಿಯ ಗಂಡ ಉಗ್ಗಪ್ಪನಿಗೆ ಅದನ್ನು ಮಾರಿದ. ಒಂದು ಹಾಲು ಕರೆಯುವ ಎಮ್ಮೆಗೆ, ಮದ್ದು ತುಂಬಿ ಕೇಪು ಇಟ್ಟು ಹೊಡೆಯುವ ಒಂದು ಕೋವಿ. ವ್ಯವಹಾರದಲ್ಲಿ ಎಂದೂ ಕಟ್ಟುನಿಟ್ಟು ಗೊತ್ತಿಲ್ಲದ ಹೊನ್ನಯ್ಯ ಆ ದಿನ ಮಾತ್ರ ಬಲು ಬಿಗಿ. ಮದ್ದು, ಕೇಪು ಬೇರೆ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಬೇಕು. ತುಂಬಿದ ಕೋವಿಯನ್ನು ಗೋಡೆಗೆ ತೂಗಬಾರದು. ಯಾರಿಗೂ ಎರವಲು ಕೊಡಬಾರದು. ಪ್ರಾಣಿಯ ತಲೆ, ಬಾಲ ಎರಡೂ ಕಾಣದೆ ಕೋವಿಯ ಕುದುರೆ ಎಳೆಯಬಾರದು.

"ನಿಮ್ಮ ತಂಗಿಯನ್ನು ಕೊಡುವಾಗಲೂ ಇಷ್ಟು ಕಟ್ಟುಪಾಡು ಇರಲಿಲ್ಲ ಭಾವ," ಎಂದ ಉಗ್ಗಪ್ಪ.

ಮಾತುಕತೆ ಮುಗಿದ ಮೇಲೆ ಇಬ್ಬರೂ ಮನೆದೈವ ಜುಮಾದಿಯ ಎದುರು ನಿಂತರು. ಕೋವಿಯನ್ನು ಮಣೆಯ ಮೇಲಿಟ್ಟು, ಅಡಿಕೆ ಹೂವಿನ ಹಿಂಗಾರ, ವೀಳ್ಯ ಇಟ್ಟು, ಇಂಥವನ ಕೋವಿ ಇಂಥವನ ಕೈಗೆ ಹೋಗುತ್ತಿದೆ, ಹೇಳಿದ ಕಟ್ಟುಪಾಡಿಗೆ ತಪ್ಪಿದರೆ ದೈವವೇ ನೋಡಿಕೊಳ್ಳಲಿ ಎಂದು ಅರಿಕೆ ಮಾಡಿಕೊಂಡರು. ಪೂಜಾರಿ ಇಬ್ಬರಿಗೂ ಗಂಧ ಕೊಟ್ಟ. ಇದಕ್ಕಿಂತ ದೊಡ್ಡ ದಾಖಲೆ ಬೇಕೆಂದು ಇಬ್ಬರಿಗೂ ಹೊಳೆಯಲೇ ಇಲ್ಲ. ತಂಗಿಯನ್ನು ಕೊಟ್ಟದ್ದಕ್ಕೆ ಕಾಗದ ಇರಲಿಲ್ಲ, ಗದ್ದೆಯನ್ನು ಗೇಣಿಗೆ ಕೊಟ್ಟದ್ದಕ್ಕೂ ಇರಲಿಲ್ಲ. ಲೈಸನ್ಸಿನ ಪುಸ್ತಕ ಹೊನ್ನಯ್ಯನ ಪೆಟ್ಟಿಗೆಯಲ್ಲೇ ಉಳಿಯಿತು. ಅದರಲ್ಲಿ ಅವನ ಹೆಸರಿತ್ತಲ್ಲ, ಉಗ್ಗಪ್ಪನಿಗೆ ಅದರಿಂದ ಏನು ಪ್ರಯೋಜನ? ಕೋವಿ ಎಲ್ಲಿ ಎಂದು ಕೇಳಿದವರಿಗೆ, ಬಟ್ಯನಿಗೂ ಕೂಡ, ಭಾವನ ಗದ್ದೆ ಕಾಯಲು ಹೋಗಿದೆ ಎಂದು ಹೊನ್ನಯ್ಯ ಹೇಳಿಬಿಟ್ಟ.

ಡಿಸೆಂಬರ್ ಬಂತು. ಸರಕಾರದ ಸುದ್ದಿ ಮುಟ್ಟಿಸುವ ಊರಿನ ಉಗ್ರಾಣಿ ಮನೆಮನೆಗೆ ಹೋಗಿ, ಲೈಸನ್ಸು ಇದ್ದವರೆಲ್ಲ ಬುಧವಾರ ಕೋವಿ ತೆಗೆದುಕೊಂಡು ಠಾಣೆಗೆ ಬರಬೇಕು, ಹೊಸ ಸಬ್ ಇನ್ಸ್‌ಪೆಕ್ಟರರು ನೋಡಿ ಮುಂದಿನ ವರ್ಷಕ್ಕೆ ಲೈಸನ್ಸು ಹೊಸತು ಮಾಡಿಕೊಡುತ್ತಾರೆ ಎಂದು ತಿಳಿಸಿದ. ಹೊನ್ನಯ್ಯ ಶಾಲೆಯ ಶ್ಯಾಮ ಮಾಸ್ತರರ ಬಳಿಗೆ ಹೋದ. ದೂರದ ಊರಿನಲ್ಲಿ ಯಾರೋ ಒಬ್ಬ ಕೋವಿ ಮಾರಿದ್ದಾನಂತೆ, ಪಾಪ, ಅವನಿಗೆ ಏನಾಗುತ್ತದೆ ಎಂದು ಸುತ್ತುಬಳಸಿ ವಿಚಾರಿಸಿದ. ಮಾರಿದವನು ಕೊಂಡವನ ಹೆಸರು, ವಿಳಾಸ ಬರೆದು ಕೂಡಲೇ ಠಾಣೆಗೆ ಕೊಡಬೇಕಿತ್ತು, ಕೊಂಡವನಿಗೆ ಮೊದಲೇ ಲೈಸನ್ಸು ಇರಬೇಕಿತ್ತು, ಎರಡೂ ಇಲ್ಲದಿದ್ದರೆ ಇಬ್ಬರಿಗೂ ಕೋರ್ಟು ತಪ್ಪಿದ್ದಲ್ಲ ಎಂದು ಮಾಸ್ತರರು ವಿವರಿಸಿದರು. ದೂರದ ಊರಿನವನಿಗೆ ತಿಳಿಸುತ್ತೇನೆಂದು ಹೇಳಿ ಹೊನ್ನಯ್ಯ ಕಾಲೆಳೆಯುತ್ತಾ ಮನೆಗೆ ಬಂದ.

ಈಗ ನಿಜ ಹೇಳಿದರೆ ತಂಗಿಯ ಮನೆಗೆ ಪೋಲೀಸರು ಹೋಗುತ್ತಾರೆ. ಅಷ್ಟೇ ಆಗಿದ್ದರೆ ಹೇಗಾದರೂ ಸುಧಾರಿಸಿಕೊಳ್ಳಬಹುದಿತ್ತು. ಇಂಥ ಗುರಿಕಾರ ಕೋವಿಯನ್ನು ಯಾಕೆ ಮಾರಿದ ಎಂಬ ಪ್ರಶ್ನೆ ಬಂದೇ ಬರುತ್ತದಲ್ಲ, ಅವನಿಗೆ ಹೆದರಿಕೆ ಅದರದ್ದೇ.

"ಕಣ್ಣು ಕಾಣುವುದಿಲ್ಲ ಅಂತ ಹೇಳಲಿಕ್ಕೆ ನಿಮಗೆ ಎಂತ ನಾಚಿಕೆ?" ಎಂದಳು ಲೋಲಾಕ್ಷಿ. "ಕಣ್ಣು ನೀವು ಮಾಡಿದ್ದಾ?"

ಕಣ್ಣು ಹೊನ್ನಯ್ಯ ಮಾಡಿದ್ದಲ್ಲ, ಸರಿ. 'ಹೂಂ' ಎಂದದ್ದು ಅವನೇ. ಬಟ್ಯ ದಿನಾ ಬೆಳಿಗ್ಗೆ ಅಂಗಳಕ್ಕೆ ಬಂದು ನಗುವಾಗೆಲ್ಲ ಆ ಅಕ್ಷರ ಅವನಿಗೆ ಮತ್ತೆ ಕೇಳಿಸುತ್ತಿತ್ತು.

ಕೊನೆಗೆ ಅವನು ಉಗ್ಗಪ್ಪನಿಗೆ ಹೇಳಿ ಕಳಿಸಿದ. ಒಂದು ದಿನದ ಮಟ್ಟಿಗೆ ಕೋವಿ ಬರಲಿ, ತೋರಿಸಿ ಮುದ್ರೆ ಒತ್ತಿಸಿಕೊಂಡು ಹಿಂದೆ ಕಳಿಸುತ್ತೇನೆ. ಯಾರಿಗೂ ಎರವಲು ಕೊಡಬಾರದು ಎಂದು ದೈವದ ಮುಂದೆ ಕಟ್ಟುಪಾಡು ಹಾಕಿದವನು ತಾನೇ ಎರವಲು ಕೇಳಬೇಕಾಯಿತು. ಉಗ್ಗಪ್ಪ ಗಾಡಿಯ ಹುಲ್ಲಿನಡಿಯಲ್ಲಿ ಕೋವಿ ತಂದ. ಜುಮಾದಿಗೆ ಈ ಬದಲಾವಣೆಯನ್ನೂ ತಿಳಿಸಬೇಕಲ್ಲವೇ ಎಂದು ಕೇಳಿ ಭಾವನ ಮೋರೆ ಇನ್ನಷ್ಟು ಸಣ್ಣದು ಮಾಡಿದ.

ಬುಧವಾರ ಠಾಣೆಯ ಜಗಲಿಗೆ ಒಂಬತ್ತು ಕೋವಿಗಳು ಬಂದವು. ಬಟ್ಯ ಹೊತ್ತು ತಂದದ್ದನ್ನು ಹೊನ್ನಯ್ಯ ಬೆಂಚಿನ ಮೇಲೆ ಎಡದಿಂದ ಮೂರನೆಯದಾಗಿ ಇಟ್ಟ. ಮೂರು ಎಂದು ಮನಸ್ಸಿನಲ್ಲೇ ಎರಡು ಸಲ ಹೇಳಿಕೊಂಡು, ಧೈರ್ಯಕ್ಕೆ ವೀಳ್ಯ ಮೆಲ್ಲಲು ಹೊರಗೆ ಹೋದ. ಅತ್ತ ಠಾಣೆಯ ರೈಟರ್ ಪುರುಷೋತ್ತಮ ಬಂದು ನೋಡಿದ. ಅವನಿಗೆ ಎಲ್ಲವೂ ರಿಜಿಸ್ಟರಿನ ಕ್ರಮದಲ್ಲೇ ಇರಬೇಕು. ಅನ್ನದ ತಟ್ಟೆಯಲ್ಲಿ ಉಪ್ಪು ಬಲಕ್ಕೆ ಬಂದರೂ ಎತ್ತಿ ಎಡಕ್ಕಿಡುವ ಜಾತಿ. ಒಂಬತ್ತೂ ಕೋವಿಗಳನ್ನು ಎತ್ತಿ, ನಂಬರು ನೋಡಿ, ಸಾಲು ಬದಲಿಸಿಟ್ಟ.

ಒಬ್ಬೊಬ್ಬರಾಗಿ ತಮ್ಮ ಕೋವಿ ಎತ್ತಿ ನಳಿಗೆಯ ಮೇಲಿನ ನಂಬರು ಓದಬೇಕು, ರೈಟರು ಪುಸ್ತಕದಲ್ಲಿ ತಾಳೆ ನೋಡಬೇಕು. ಹೊನ್ನಯ್ಯನ ಸರದಿ ಬಂತು. ಅವನು ಗಂಭೀರವಾಗಿ ನಡೆದುಹೋಗಿ ಮೂರನೆಯದನ್ನು ಎತ್ತಿ, ಕಣ್ಣಿನ ಹತ್ತಿರ ಹಿಡಿದು, ಹದಿನೈದು ವರ್ಷಗಳಿಂದ ಬಾಯಿಪಾಠವಾಗಿದ್ದ ನಂಬರನ್ನು ಗಟ್ಟಿಯಾಗಿ ಹೇಳಿದ.

"ಎರಡು ಸಾವಿರದ ನೂರ ಅರವತ್ತಮೂರು."

ಪುಸ್ತಕದಲ್ಲಿ ಅದು ಸರಿಯಾಗಿತ್ತು. ಕೋವಿ ಮಾತ್ರ ಮಹಾಗಣಪತಿ ಭಟ್ಟರದ್ದು. ಮಂಗಗಳನ್ನು ಹೆದರಿಸಲು ಮಾತ್ರ ಕೋವಿ ಇಟ್ಟುಕೊಂಡಿದ್ದ ಭಟ್ಟರು, ಅದು ನನ್ನದು ಮಾರಾಯ ಎಂದು ಮೆಲ್ಲಗೆ ಹೇಳಿದರು. ಜಗಲಿಯಲ್ಲಿದ್ದವರೆಲ್ಲ ನಕ್ಕರು. ಒಳಗಿಂದ ಸಬ್ ಇನ್ಸ್‌ಪೆಕ್ಟರ್ ಗೌರೀಶಂಕರ ಎದ್ದು ಬಂದರು. ಊರಿಗೆ ಬಂದು ತಿಂಗಳಾಗದ, ನಗೆಯನ್ನು ಕಂಡರೆ ಅದರ ಹಿಂದೆ ಏನೋ ಇದೆ ಎಂದು ಹುಡುಕುವ ಮನುಷ್ಯ. ತನ್ನ ಕೋವಿ ಯಾವುದೆಂದು ಗೊತ್ತಿಲ್ಲದವನಿಗೆ ಲೈಸನ್ಸು ಯಾಕೆ ಎಂದು ಅವರು ಕೇಳಿದರು.

ಹೊನ್ನಯ್ಯನನ್ನು ಪಾರು ಮಾಡಲು ರೈಟರೇ ಮುಂದೆ ಬಂದ. ಸಾಲು ಬದಲಿಸಿದ್ದು ತಾನು, ಇವರು ನೋಡದೆ ಎತ್ತಿದ್ದಾರೆ, ಇವರ ಕಣ್ಣಿನ ಬಗ್ಗೆ ಸಂಶಯ ಪಟ್ಟರೆ ಊರವರು ನಗುತ್ತಾರೆ ಎಂದ. ಸಾಕ್ಷಿಗೆ ಬಟ್ಯನನ್ನು ಕರೆದ. ಬಟ್ಯ ಜಗಲಿಯ ಕೆಳಗೆ ನಿಂತು ಕಥೆಯನ್ನು ಮೊದಲಿಂದ ಕೊನೆಯವರೆಗೆ ಹೇಳಿದ. ಅಧಿಕಾರಿಗಳ ಮುಂದೆ ಎಂಬ ಮರ್ಯಾದೆಗೆ ಕೋರೆಗಳನ್ನು ಇನ್ನೆರಡು ಬೆರಳು ಉದ್ದ ಮಾಡಿದ. ಬೆನ್ನಿಗೆ ಹಂದಿಯ ಉಸಿರು ಬಿಸಿಯಾಗಿ ತಾಗಿದ್ದನ್ನೂ ಹೇಳಿದ. ಇದು ಹೊನ್ನಯ್ಯನೂ ಮೊದಲ ಸಲ ಕೇಳಿದ್ದು.

ಗೌರೀಶಂಕರರ ಮುಖ ಸಡಿಲವಾಯಿತು. ಇಂಥವರೇ ತನಗೆ ಬೇಕಾದದ್ದು ಎಂದರು. ಪೈವಳಿಕೆಯ ಕಡೆಯಿಂದ ಹಂದಿ ಹಿಂಡಿನ ಬಗ್ಗೆ ನಾಲ್ಕು ಅರ್ಜಿ ಬಂದಿತ್ತು. ಬರುವ ಭಾನುವಾರ ಹತ್ತು ಜನ ಸೇರಿ ಗುಡ್ಡ ಸುತ್ತಬೇಕು, ಹೊನ್ನಯ್ಯನೇ ಮುಖ್ಯ ಕೋವಿ ಹಿಡಿಯಬೇಕು, ಹಂದಿಯನ್ನು ಎಬ್ಬಿಸಿ ಓಡಿಸಲು ಯಾರಾದರೂ ಧೈರ್ಯದವರು ಮುಂದೆ ಹೋಗಬೇಕು. ಹೀಗೆಂದು ಅವರು ಲೈಸನ್ಸಿನ ಪುಸ್ತಕ ಬಿಡಿಸಿ ಮುದ್ರೆಯನ್ನು ಮಸಿಗೆ ಅದ್ದಿದರು.

"ನಾನು ಹೋಗ್ತೇನೆ ಸ್ವಾಮಿ," ಎಂದ ಬಟ್ಯ. "ಧನಿಗಳ ಕೋವಿಯ ಎದುರು ನಿಲ್ಲಲಿಕ್ಕೆ ನನಗೆ ಎಂತ ಹೆದರಿಕೆಯೂ ಇಲ್ಲ."

ಹೊನ್ನಯ್ಯನಿಗೆ ಬಟ್ಯನ ಮುಖ ಕಾಣಲಿಲ್ಲ. ಜಗಲಿಯ ಕೆಳಗೆ ಕಪ್ಪಗೆ ಏನೋ ನಿಂತದ್ದಷ್ಟೇ ಕಂಡಿತು. ಆ ಸಂಜೆ ಕಂಡದ್ದೂ ಇಷ್ಟೇ. ಅವನು ಮುಂದೆ ಹೋಗಿ ಲೈಸನ್ಸಿನ ಮೇಲೆ ಅಂಗೈ ಊರಿದ.

"ಅದಕ್ಕೆ ಮುದ್ರೆ ಒತ್ತಬೇಡಿ ಸ್ವಾಮಿ. ನನಗೆ ಕಣ್ಣು ಕಾಣುವುದಿಲ್ಲ. ಆ ದಿನ ಹಂದಿ ಇರಲಿಲ್ಲ. ಬಟ್ಯ ಮಾತ್ರ ಇದ್ದದ್ದು."

ಯಾರೂ ನಗಲಿಲ್ಲ. ಒಮ್ಮೆ ಬಾಯಿ ಬಿಟ್ಟ ಮೇಲೆ ಹೊನ್ನಯ್ಯ ಉಳಿದದ್ದನ್ನೂ ಹೇಳಿಬಿಟ್ಟ. ಎಮ್ಮೆ, ಉಗ್ಗಪ್ಪ, ಗಾಡಿಯ ಹುಲ್ಲು, ಎಲ್ಲವೂ ಹೊರಗೆ ಬಂತು. ತಪ್ಪೆಲ್ಲ ನನ್ನದು, ನನ್ನ ಮಾತು ನಂಬಿ ಭಾವ ತೆಗೆದುಕೊಂಡದ್ದು ಎಂದು ಸೇರಿಸಿದ. ಮಾರಿದ್ದನ್ನು ಯಾರಿಗೆ ತಿಳಿಸಿದ್ದಿ ಎಂದು ಗೌರೀಶಂಕರರು ಕೇಳಿದರು. ಜುಮಾದಿಗೆ ಎಂದ ಹೊನ್ನಯ್ಯ.

"ಜುಮಾದಿಯ ಹತ್ತಿರ ರಿಜಿಸ್ಟರ್ ಉಂಟಾ?" ಎಂದು ಅವರು ರೈಟರ ಕಡೆ ತಿರುಗಿದರು.

ಜುಮಾದಿ ಬರೆದಿಟ್ಟುಕೊಳ್ಳುವುದಿಲ್ಲ, ಮರೆಯುವುದೂ ಇಲ್ಲ, ಆದರೆ ನಮ್ಮ ಇಲಾಖೆಗೆ ಯಾದಿ ಕಳಿಸುವ ಕ್ರಮ ಇಲ್ಲ ಎಂದು ಪುರುಷೋತ್ತಮ ಬಲು ಗಂಭೀರವಾಗಿ ತಿಳಿಸಿದ. ಗೌರೀಶಂಕರರು ಮೀಸೆಯಡಿಯಲ್ಲಿ ನಕ್ಕರೋ ಇಲ್ಲವೋ, ನೋಡಿದವರು ಎರಡು ರೀತಿ ಹೇಳುತ್ತಾರೆ. ಮ್ಯಾಜಿಸ್ಟ್ರೇಟರಿಗೆ ಬರೆಯಬೇಕಾದ್ದನ್ನು ಬರೆಯಲೇಬೇಕು, ದಂಡ ಬಂದರೆ ಇಬ್ಬರೂ ಕಟ್ಟಬೇಕು, ತಾನಾಗಿ ಒಪ್ಪಿಕೊಂಡದ್ದನ್ನೂ ಬರೆಯುತ್ತೇನೆ ಎಂದರು. ಉಗ್ಗಪ್ಪ ಅರ್ಜಿ ಹಾಕಿ ಲೈಸನ್ಸು ಪಡೆಯುವವರೆಗೆ ಕೋವಿ ಠಾಣೆಯಲ್ಲಿರಲಿ ಎಂದರು. ಪುರುಷೋತ್ತಮ ಮಾರಾಟದ ತಿಳಿವಳಿಕೆ ಬರೆದ. ದೈವದ ಮುಂದೆ ಹಾಕಿದ ಕಟ್ಟುಪಾಡುಗಳನ್ನು ಕೇಳಿ, ಇವು ನಮ್ಮ ರೂಲಿಗಿಂತ ಚೆನ್ನಾಗಿವೆ ಎಂದು ಅವನ್ನೂ ಕೆಳಗೆ ನಕಲು ಮಾಡಿಕೊಂಡ. ಮಾರಲು ಕಾರಣ ಎಂಬಲ್ಲಿ 'ದೃಷ್ಟಿಮಾಂದ್ಯ' ಎಂದು ಬರೆದು, ಹೊನ್ನಯ್ಯನ ಬೆರಳನ್ನು ಹಿಡಿದು ಸಹಿ ಹಾಕುವ ಜಾಗಕ್ಕೆ ಮುಟ್ಟಿಸಿದ.

ಹಿಂದೆ ಬರುವಾಗ ಬಟ್ಯನ ಹೆಗಲ ಮೇಲೆ ಕೋವಿ ಇರಲಿಲ್ಲ. ಒಂದು ಮೈಲು ನಡೆದರು. ಬೈದರೆ ಬೈಯಲಿ, ಕೆಲಸ ಬಿಟ್ಟು ಹೋದರೆ ಹೋಗಲಿ, ಏನಾದರೂ ಹೇಳಲಿ ಎಂದು ಹೊನ್ನಯ್ಯ ಕಾಯುತ್ತಿದ್ದ. ಗುಡ್ಡ ಇಳಿಯುವಲ್ಲಿ ಬಟ್ಯ ನಿಂತ.

"ಧನಿ, ಹಂದಿ ಇತ್ತು," ಎಂದ. "ನಾನು ಕಣ್ಣಾರೆ ನೋಡಿದ್ದೇನೆ."

ಹೊನ್ನಯ್ಯನಿಗೆ ಮತ್ತೊಮ್ಮೆ 'ಹೂಂ' ಎನ್ನುವ ಆಸೆ ಬಂತು. ಅಂದುಬಿಟ್ಟರೆ ಬಟ್ಯನಿಗೆ ಅವನ ಹಂದಿ ಉಳಿಯುತ್ತಿತ್ತು, ತನಗೆ ಬಟ್ಯ ಉಳಿಯುತ್ತಿದ್ದ.

"ನಾನೂ ನೋಡಿದ್ದೇನೆ ಬಟ್ಯ. ನಾನು ನೋಡಿದ ಹಂದಿ ನೀನು."

ಬಟ್ಯ ದಾರಿಯ ಬದಿಯ ಕಲ್ಲಿನ ಮೇಲೆ ಕುಳಿತುಬಿಟ್ಟ. ಒಂದು ವರ್ಷ ತಡವಾಗಿ ಅವನ ಕೈಕಾಲು ನಡುಗಲು ಶುರುವಾಯಿತು. ಹೊನ್ನಯ್ಯ ತಡವರಿಸಿ ಅವನ ಪಕ್ಕದಲ್ಲಿ ನೆಲದ ಮೇಲೆ ಕುಳಿತ, ಆ ನಡುಕ ನಿಲ್ಲುವವರೆಗೆ ಅಲ್ಲಿಂದ ಏಳಲಿಲ್ಲ.