ಕಾಣೆ ಮೀನಿನ ಕೊಲ್ಲಿ

ಫೋಟೋದಲ್ಲಿ ಎರಡೂ ಕೊಲ್ಲಿಗಳ ನೀರು ಒಂದೇ ಸಮ ನೀಲಿಯಾಗಿತ್ತು. ದಡದಿಂದ ನಡೆದೇ ಇಳಿದು ನೀರೊಳಗೆ ಚಿತ್ರೀಕರಿಸುವಂಥ ಜಾಗ ಶ್ರೀಲಂಕೆಯಲ್ಲಿ ಬೇಕಿತ್ತು. ಜಾಹೀರಾತು ಕಂಪನಿಯ ಅಶ್ಮಿತಾ ಅದನ್ನು ಕೋಪರಖೈರಣೆಯ ಮನೆಯಲ್ಲಿ ಕೂತೇ ಹುಡುಕಬೇಕಿತ್ತು. ಹೋಗಿ ನೋಡಿ ಬರಲು ಕಂಪನಿ ಒಪ್ಪಿರಲಿಲ್ಲ. ಈ ಎರಡು ಕೊಲ್ಲಿಗಳ ಫೋಟೋ ಕಳಿಸಿದ್ದ ಅಲ್ಲಿನ ಏಜೆಂಟನೋ, ಎರಡೂ ಚೆನ್ನಾಗಿವೆ ಎನ್ನುತ್ತಿದ್ದ. ಹಾಗೆಂದು ಚೀಟಿ ಎತ್ತಿ ಆರಿಸುವವಳಲ್ಲ ಅವಳು.

"ದಡದಲ್ಲಿ ಯಾವ ಮೀನು ಸಿಗ್ತದೆ ಅಂತ ಕೇಳು," ಎಂದರು ಮೀನು ತೊಳೆಯುತ್ತಿದ್ದ ಅಮ್ಮ ಮೋಹಿನಿ. ಅವರು ಮಲ್ಪೆಯಲ್ಲಿ ಬೆಳೆದವರು. "ಈ ಕಾಣೆ ಉಂಟಲ್ಲ, ಹೆದರಿದರೆ ಮರಳೊಳಗೆ ಹೂತುಕೊಳ್ತದೆ. ಇದು ಇರುವಲ್ಲಿ ನೀರಿನ ಅಡಿ ಮೆತ್ತಗೆ. ನಾಲ್ಕು ಜನ ಕಾಲಿಟ್ಟರೆ ನೀರೆಲ್ಲ ಕಲಕಿ ಹೋಗ್ತದೆ ಮಾರಾಯ್ತಿ."

ಅಶ್ಮಿತಾ ತಟ್ಟೆಯಲ್ಲಿದ್ದ ಕಾಣೆಯ ಫೋಟೋ ತೆಗೆದು ಏಜೆಂಟನಿಗೆ ವಾಟ್ಸಾಪ್ ಮಾಡಿದಳು. ಮೊದಲ ಕೊಲ್ಲಿಯಲ್ಲಿ ಇದು ರಾಶಿ ರಾಶಿ ಸಿಗುತ್ತದೆ, ಎರಡನೆಯದರಲ್ಲಿ ಬರೀ ಬಂಡೆ ಎಂದು ಉತ್ತರ ಬಂತು. ಅವಳು ಅಷ್ಟಕ್ಕೇ ಬಿಡಲಿಲ್ಲ. ಎರಡೂ ಕಡೆ ಮೊಣಕಾಲಿನವರೆಗೆ ಇಳಿದು, ಕಾಲು ಕುಟ್ಟಿ, ಫೋಟೋ ಕಳಿಸು ಎಂದಳು. ಅವನು ಗೊಣಗುತ್ತಲೇ ಕಳಿಸಿದ. ಮೊದಲನೆಯದರಲ್ಲಿ ಪಾದವೇ ಕಾಣದಷ್ಟು ರಾಡಿ. ಎರಡನೆಯದರಲ್ಲಿ ಅವನ ಕಾಲಿನ ಉಗುರನ್ನೂ ಎಣಿಸಬಹುದಿತ್ತು.

ಅಷ್ಟರಲ್ಲಿ ನಿರ್ದೇಶಕರ ಫೋನ್ ಬಂತು. "ಮೊದಲನೇದನ್ನೇ ಫೈನಲ್ ಮಾಡು. ಆ ತೆಂಗಿನ ಸಾಲು ಎಷ್ಟು ಚಂದ ಇದೆ ನೋಡು!"

"ತೆಂಗು ನೀರಿನ ಮೇಲಿದೆ ಸರ್," ಎಂದಳು ಅಶ್ಮಿತಾ. "ನಾವು ಶೂಟ್ ಮಾಡೋದು ಕೆಳಗೆ."