ಎಡಗಡೆ ಬಾಗಿಲಿನ ಟರ್ರ್

ಟರ್ರ್ — ಬಂತು, ಮತ್ತೆ ಬಂತು, ಸಾಸ್ವೆಹಳ್ಳಿ ದಾಟಿದ ಮೊದಲ ರೋಡ್ ಹಂಪಿಗೇ ಬಂತು, ಹಾಡಿನಲ್ಲಿ ತಬಲಾ ಇನ್ನೂ ಬಾಯಿ ಬಿಟ್ಟಿಲ್ಲ, ಕಾರಿನ ಎಡಗಡೆ ಬಾಗಿಲು ಆಗಲೇ ಬಿಟ್ಟಿತು, ಸಿದ್ದೇಶ್ ಸ್ಟೇರಿಂಗಿಗೆ ಒಂದು ಗುದ್ದಿದ, ಪಕ್ಕದ ಸೀಟಿನಲ್ಲಿ ಅಪ್ಪ ನಾಗೇಂದ್ರಪ್ಪ ಕತ್ತಿಗೆ ಮಫ್ಲರ್ ಸುತ್ತಿಕೊಂಡು ನೆಟ್ಟಗೆ ರಸ್ತೆ ನೋಡುತ್ತಿದ್ದಾರೆ, ಮಫ್ಲರಿನ ಅಂಚಿನ ಎಳೆಗಳು ಸಣ್ಣಗೆ ನಡುಗುತ್ತಿವೆ, ಹಾಡಿನ ಬೇಸ್ ಅಂದರೆ ಹಿಂಗಿರಬೇಕು, ಅಗ್ಗದ ಸ್ಪೀಕರ್ ಆದರೇನು, ಆದರೆ ಈ ಟರ್ರ್ — ಎಲ್ಲಿಂದ, ಎಲ್ಲಿಂದ ಬರುತ್ತೆ ಇದು, ಬಾಗಿಲ ಹೊದಿಕೆಯ ಎರಡು ಕ್ಲಿಪ್ ಮುರಿದಿದ್ದವು, ಹೊಸದು ಹಾಕಿದ, ಸ್ಪೀಕರ್ ಸುತ್ತ ಹಳೇ ಸೈಕಲ್ ಟ್ಯೂಬ್ ಕತ್ತರಿಸಿ ಕೂರಿಸಿದ, ಒಳಗಿನ ವೈರಿಗೆ ಸ್ಪಂಜು ಸುತ್ತಿದ, ಕೊನೆಗೆ ಹೆಂಡತಿ ರಕ್ಷಾಳ ಯೋಗದ ಚಾಪೆಯನ್ನೇ ತುಂಡು ಮಾಡಿ ತಗಡಿಗೆ ಅಂಟಿಸಿದ, ಏನ್ರೀ ಇನ್ಮೇಲೆ ಕಾರು ಸೂರ್ಯನಮಸ್ಕಾರ ಹಾಕ್ತೈತಾ ಅಂದಳು, ಅನ್ನಲಿ, ಅವಳನ್ನು ಕೂರಿಸಿಕೊಂಡು ನ್ಯಾಮತಿಗೆ ಹೋಗಿ ಬಂದಾಗ ಟರ್ರೂ ಇಲ್ಲ ಗಿರ್ರೂ ಇಲ್ಲ, ಚನ್ನಗಿರಿಯ ಸ್ಪೀಕರ್ ಅಂಗಡಿ ವಿನೋದ್ ಇದೇ ಸೀಟಿನಲ್ಲಿ ಕೂತು ಬಾಗಿಲಿಗೆ ಕಿವಿ ಕೊಟ್ಟು ನಕ್ಕ, ಅಣ್ಣಾ ಬಾಗಿಲು ಗಟ್ಟಿ ಐತೆ, ಲೂಸ್ ಆಗಿರೋದು ಬ್ಯಾರೆ ಏನೋ — ಅಪ್ಪ ಕೂತಾಗ ಮಾತ್ರ ಬರುತ್ತಲ್ಲ, ಬಾಗಿಲಿಗೆ ಒರಗುತ್ತಾರಾ, ಇಲ್ಲ, ಕಂಬದ ಹಾಗೆ ಕೂತಿದ್ದಾರೆ, ಟರ್ರ್, ಥೂ ಇದರ.

ಸ್ಪೀಕರ್ ಯಾರಿಗೆ ಬೇಕಿತ್ತು, ಸಿದ್ದೇಶನಿಗೆ ಹಾಡಿನ ಹುಚ್ಚು ಯಾವತ್ತೂ ಇರಲಿಲ್ಲ, ಅಪ್ಪನ ಗಂಟಲ ಆಪರೇಷನ್ ಆಗಿ ಮೂರು ತಿಂಗಳು, ಚನ್ನಗಿರಿಯ ಡಾಕ್ಟರು ಹೋದ ಸಲವೇ ಹೇಳಿದ್ದರು, ಗಾಯ ಮಾಗೈತೆ, ದನಿ ಒಳಗೈತೆ, ಅವರು ಬಾಯಿ ಬಿಡಬೇಕು ಅಷ್ಟೇ, ಹಿಂಗೇ ಬಿಟ್ರೆ ಗಂಟಲು ಜಡ್ಡುಗಟ್ಟುತ್ತೆ ನೋಡ್ರಿ, ಅಪ್ಪ ಬಾಯಿ ಬಿಡಲಿಲ್ಲ, ಕಾಫಿ ಬೇಕಾದರೆ ಲೋಟ ತೋರಿಸುತ್ತಾರೆ, ಬೇಡವಾದರೆ ಮಗ್ಗುಲಾಗುತ್ತಾರೆ, ಹೊನ್ನಾಳಿ ಬಸ್ಸಿನಲ್ಲಿ ಮೂವತ್ತು ವರ್ಷ ಕಂಡಕ್ಟರಾಗಿದ್ದ ಮನುಷ್ಯ, ಸೀಟಿನ ಕೆಳಗಿಂದ ಬಂದ ಹಾಗೆ ಮೇಕೆಯ ದನಿ ತೆಗೆದು ಡ್ರೈವರ್ ದಾಸಪ್ಪನವರ ಕೈಲಿ ಬಸ್ ನಿಲ್ಲಿಸಿ ಹುಡುಕಿಸಿದವರು, ಲಗೇಜ್ ಟಿಕೆಟ್ ಯಾರ್ದ್ರೀ ಈ ಮೇಕೆಗೆ ಅಂತ ಇಡೀ ಬಸ್ಸನ್ನು ನಗಿಸಿದವರು — ಹಳೇ ಹಾಡು ಕೇಳಿದರೆ ಒಂದು ಸಾಲಾದರೂ ಗುನುಗಿಯಾರು ಅಂತ ತಾನೇ ಬಾಗಿಲು ಬಿಚ್ಚಿದ್ದು, ಬೆರಳು ಕುಯ್ದುಕೊಂಡಿದ್ದು, ಇವತ್ತು ಡಾಕ್ಟರು ಮತ್ತೆ ಕೇಳುತ್ತಾರೆ, ಏನಂತ ಹೇಳೋದು, ಒಳ್ಳೇ ಸಾಲು ಬರುವಷ್ಟರಲ್ಲಿ ಟರ್ರ್, ಅಪ್ಪ ಗುನುಗೋದಾದರೂ ಹೇಗೆ ಈ ಟರ್ರಿನ ಮಧ್ಯೆ, ಎಳೆಗಳು ಮಾತ್ರ ನಡುಗುತ್ತಿವೆ, ಸಾಕು, ಸಾಕಾಯಿತು, ಹುಣಸೇಮರದ ಕೆಳಗೆ ಕಾರು ನಿಲ್ಲಿಸಿದ, ಹಾಡು ಬಂದ್ ಮಾಡಿದ, ಎಂಜಿನ್ನೂ ಆರಿಸಿದ, ಸ್ವಲ್ಪ ಹಿಂದಕ್ಕೆ ಸರೀರಿ ಅಪ್ಪಾಜಿ, ಅಡ್ಡಲಾಗಿ ಬಾಗಿ ಸ್ಪೀಕರ್ ಜಾಲರಿಗೆ ಕಿವಿ ಒತ್ತಿದ, ಏನೂ ಇಲ್ಲ, ಹೊರಗೆ ಮರದ ಎಲೆ ಸದ್ದು, ದೂರದಲ್ಲೊಂದು ಟ್ರ್ಯಾಕ್ಟರ್, ಏನೂ —

ಟರ್ರ್.

ಜಾಲರಿಯಲ್ಲಲ್ಲ, ತಲೆಯ ಮೇಲೆ. ಹಾಡಿಲ್ಲ, ಎಂಜಿನ್ ಇಲ್ಲ, ಹಂಪೂ ಇಲ್ಲ, ಅವನು ಬಾಗಿದ್ದಲ್ಲಿಂದಲೇ ಮುಖ ಎತ್ತಿದ, ಅಪ್ಪ ರಸ್ತೆಯನ್ನೇ ನೋಡುತ್ತಿದ್ದಾರೆ, ಮೀಸೆ ಅಲುಗುತ್ತಿಲ್ಲ, ಕೆಳತುಟಿ ಮಾತ್ರ ಒಂಚೂರು ಒದ್ದೆ, ಹಾಗಾದರೆ ಹೋದ ವಾರದಿಂದ, ಆ ಕ್ಲಿಪ್ಪು, ಆ ಟ್ಯೂಬು, ಅಯ್ಯೋ ಆ ಚಾಪೆ — ಅಪ್ಪಾಜೀ, ನೀವಾ? ತುಕ್ಕು ಹಿಡಿದ ಚಿಲಕ ಸರಿದ ಹಾಗೆ ಒಂದು ದನಿ, ಮೂರು ತಿಂಗಳ ಮೇಲೆ ಬಂದ ದನಿ, ರೈಟ್ ರೈಟ್, ಡಾಕ್ಟರು ಕಾಯ್ತಾರೆ — ಸಿದ್ದೇಶನಿಗೆ ನಗು ಎಲ್ಲಿಂದ ಒತ್ತಿ ಬಂತೋ, ಅಪ್ಪನ ತೊಡೆಯ ಮೇಲೆ ತಲೆಯಿಟ್ಟು ನಕ್ಕ, ಬಾಗಿಲು ಬಡಿದು ನಕ್ಕ, ಆ ಸ್ಪೀಕರ್ ಯಾವತ್ತೂ ಹೊಡೆಯದಷ್ಟು ಜೋರಾಗಿ, ಕಣ್ಣೀರು ಒರೆಸಿಕೊಂಡು ನೋಡಿದರೆ, ಅವನ ಮೂಗಿನ ನೇರಕ್ಕೆ, ಮಫ್ಲರಿನ ಅಂಚಿನ ಎಳೆಗಳು, ಹಾಡಿಲ್ಲದೆಯೂ, ನಡುಗುತ್ತಿವೆ, ನಡುಗುತ್ತಲೇ ಇವೆ.