ಬೇಲಿಯಾಚೆಯ ನೋಟ

ಸೆಡ್ರಿಕ್ ಎರಡೂ ಕೈಯಿಂದ ಹಲಗೆಯನ್ನು ಮೇಲಕ್ಕೆ ಜಗ್ಗಿದ. ಅದು ಮಿಸುಕಲಿಲ್ಲ. ಅವನ ಕರಿ ಸೂಟಿನ ತೋಳಿಗೆ ಪಾಚಿ ಮೆತ್ತಿಕೊಂಡಿತು, ಅಷ್ಟೇ.

"ಇದೇನು ಬಾಗಿಲೋ, ಬ್ಯಾಂಕಿನ ತಿಜೋರಿಯೋ? ಪರ್ಸಿ ದಿನಾ ಇದನ್ನ ಎತ್ತುತ್ತಿದ್ದ ಅಂದ್ರೆ ಭಾರಿ ಗಟ್ಟಿಗ ಬಿಡಿ."

"ಚರ್ಚಿನ ಗಂಟೆ ಹಗ್ಗ ಹಿಡಿದಂಗೆ ಜೋತಾಡಿದ್ರೆ ಅದು ಬರುತ್ತಾ?" ಎಂದಳು ಪರ್ಸಿಯ ಅಕ್ಕ, ಡಿಲಿಸ್ ಅತ್ತೆ. "ಸರಿಯಾಗಿ ಎಳಿ."

ಬೇಲಿ ದಾಟಲು ಮನುಷ್ಯರಿಗೆ ಎರಡು ಮರದ ಮೆಟ್ಟಿಲು. ಪಕ್ಕದಲ್ಲೇ ನಾಯಿ ನುಸುಳಲು ಈ ಎತ್ತುವ ಹಲಗೆ. ಆ ದಿನ ಮಧ್ಯಾಹ್ನ ಪರ್ಸಿ ಬೆಡ್ಡೋಸ್‌ನನ್ನು ಮಣ್ಣು ಮಾಡಿ, ಹ್ಯಾಮ್ ಸ್ಯಾಂಡ್‌ವಿಚ್ಚೂ ಚಹವೂ ಆದ ಮೇಲೆ, ಅವನು ದಿನವೂ ಹತ್ತುತ್ತಿದ್ದ ಹೇಜಲ್ ಬೆಟ್ಟಕ್ಕೆ ಅವನ ಹೆಸರಿನಲ್ಲಿ ಒಂದು ಸಲ ಹೋಗಿಬರೋಣವೆಂದು ಹತ್ತು ಹನ್ನೆರಡು ಜನ ಹೊರಟು ಬಂದಿದ್ದರು. ಕುರಿಮರಿಗಳ ಕಾಲ, ನಾಯಿಯನ್ನು ಹಗ್ಗ ಬಿಚ್ಚಿ ಬಿಡುವಂತಿಲ್ಲ. ಪರ್ಸಿಯ ನಾಯಿ ನೆಲ್‌ನ ಹಗ್ಗ ಅವನ ಮಗಳು ಹೆಸ್ಟರ್‌ಳ ಕೈಯಲ್ಲಿತ್ತು.

ನೆಲ್ ಬೇಲಿಯ ಬುಡದಲ್ಲಿ ಊರಿನ ಕಡೆ ಮುಖ ಮಾಡಿ ಕೂತುಬಿಟ್ಟಿತ್ತು.

"ಯಜಮಾನನ್ನ ನೆನೆಸ್ಕೊಂಡು ಕೂತಿದೆ, ಪಾಪ," ಎಂದು ಅತ್ತೆ ಮೂಗೊರೆಸಿಕೊಂಡಳು.

ಹೆಸ್ಟರ್‌ಗೆ ಹಾಗೆ ಕಾಣಲಿಲ್ಲ. ದಿನದ ಕೆಲಸ ಮುಗಿಸಿ, ಇನ್ನು ಮನೆಗೆ ಹೋಗೋಣವೇ ಎಂದು ಕೇಳುವವರ ಹಾಗೆ ಅದು ಬಾಲ ಆಡಿಸುತ್ತಿತ್ತು.

ಪರ್ಸಿಯ ಹಳೆಯ ಗೆಳೆಯ ಸೆಡ್ರಿಕ್ ಜೇಬಿನಿಂದ ಚೀಟಿ ತೆಗೆದ. ಚರ್ಚಿನ ಬಾಗಿಲಲ್ಲಿ ಪರವೂರಿನವರಿಗೆಂದು ಇಟ್ಟಿರುವ ಚೀಟಿ, ಬರೆದವನು ಪರ್ಸಿಯೇ. "'ನಾಯಿಯ ಜೊತೆ ಒಂದು ಚಿಕ್ಕ ಬೆಟ್ಟದ ನಡಿಗೆ. ಹೋಗಿಬರಲು ಒಂದು ಗಂಟೆ ಇಪ್ಪತ್ತು ನಿಮಿಷ. ತುದಿಯಿಂದ ಹೊಳೆ ಕಾಣುತ್ತದೆ, ಹೊಳೆಯಾಚೆ ವೇಲ್ಸಿನ ಬೆಟ್ಟಗಳು.'" ಓದಿ ಅವನು ಕಣ್ಣು ಮಿಟುಕಿಸಿದ. "ನಾನಂತೂ ಇಪ್ಪತ್ತು ವರ್ಷದಿಂದ ಹತ್ತಿಲ್ಲಪ್ಪ. ಈ ಮಂಡಿ ಬಿಡಬೇಕಲ್ಲ."

ಒಂದು ಗಂಟೆ ಇಪ್ಪತ್ತು ನಿಮಿಷ. ಹೆಸ್ಟರ್ ಪಾಚಿಗಟ್ಟಿದ ಹಲಗೆಯನ್ನೇ ನೋಡುತ್ತ ನಿಂತಳು.

*

ಅಮ್ಮನಿಗೆ ಲಕ್ವ ಹೊಡೆದು ಹನ್ನೊಂದು ವರ್ಷವಾಗಿತ್ತು. ಅಂದಿನಿಂದ ದಿನಾ ಎರಡು ಗಂಟೆಗೆ ಅಪ್ಪ ಮೊಟ್ಟೆ ಬೇಯಿಸಲು ಹೊತ್ತು ಇಡುವ ಪುಟ್ಟ ಗಡಿಯಾರವನ್ನು ನಲವತ್ತು ನಿಮಿಷಕ್ಕೆ ತಿರುಗಿಸಿ, ಅಮ್ಮನ ಮಡಿಲಲ್ಲಿಟ್ಟು, ನಾಯಿಯೊಂದಿಗೆ ಹೊರಡುತ್ತಿದ್ದ. ದಿನದಲ್ಲಿ ಅವನದೆಂದು ಇದ್ದದ್ದು ಅಷ್ಟೇ ಹೊತ್ತು.

ಒಮ್ಮೆ ಹೆಸ್ಟರ್ ರಜೆಗೆ ಬಂದಿದ್ದಾಗ, ಅಪ್ಪ ತಿರುಗಿ ಬರುತ್ತ ಇನ್ನೂ ತೋಟದ ಬಾಗಿಲಲ್ಲಿರುವಾಗಲೇ ಗಡಿಯಾರ ಕಿರ್ರೆಂದಿತ್ತು. ಅಮ್ಮನ ಕಿರುಚಾಟಕ್ಕೆ ಪಕ್ಕದ ಮನೆಯ ಪ್ರೀಸ್ ದಂಪತಿ ಹಿಟ್ಟಿನ ಕೈಯಲ್ಲೇ ಓಡಿ ಬಂದಿದ್ದರು. ಅಪ್ಪ ಕುರ್ಚಿಯ ಮುಂದೆ ಮಂಡಿಯೂರಿದ. ಅವಳ ಸೊಟ್ಟ ಕೈಯನ್ನು ಉಜ್ಜುತ್ತ, "ಇವತ್ತು ಏನ್ ನೋಡ್ದೆ ಗೊತ್ತಾ ಐವಿ? ಹೊಳೆ ಮೇಲೆ ಹಂಸ. ಎರಡು. ಆಚೆ ಬೆಟ್ಟಕ್ಕೆ ಬಿಸಿಲು ಬಿದ್ದಿತ್ತು," ಎಂದ. ಕತೆ ಕೇಳುವ ಮಗುವಿನ ಹಾಗೆ ಅಮ್ಮನ ಉಸಿರು ಮೆಲ್ಲಗೆ ತಾಳಕ್ಕೆ ಬಂತು.

ಅಪ್ಪನ ಹೊಳೆ ಯಾವ ಬೇಸಿಗೆಯಲ್ಲೂ ಬತ್ತಲಿಲ್ಲ. ಭಾನುವಾರದ ಫೋನಿನಲ್ಲಿ ಹೆಸ್ಟರ್‌ಗೂ ಅದೇ ಹೊಳೆ ಹರಿಯುತ್ತಿತ್ತು. ನಲವತ್ತು ನಿಮಿಷದಲ್ಲಿ ಅಷ್ಟು ದೂರ ಹೇಗೆ ಹೋಗಿಬರುತ್ತಾನೆಂದು ಅವಳು ಒಂದು ದಿನವೂ ಕೇಳಿರಲಿಲ್ಲ.

*

"ದಾರಿ ಗುರುತಿಟ್ಕೋ," ಅತ್ತೆ ಹತ್ತಿರ ಬಂದು ಮೆಲ್ಲಗೆ ಹೇಳಿದಳು. "ನಾಳೆಯಿಂದ ಇದನ್ನ ನೀನೇ ತಾನೇ ಕರ್ಕೊಂಡು ಬರೋಳು."

"ಅತ್ತೆ, ನನಗೆ ಐದು ಗಂಟೆಗೆ ರೈಲು. ಟ್ಯಾಕ್ಸಿಗೂ ಹೇಳಿದೀನಿ. ನಾಳೆ ಮ್ಯಾಂಚೆಸ್ಟರಲ್ಲಿ ಬೆಳಗಿನ ಟ್ರಾಮು ಓಡಿಸೋದು ನಾನೇ."

"ಟ್ರಾಮಿಗೆ ಹಳಿ ಇದೆ ಕಣೇ, ನೀನಿಲ್ದಿದ್ರೂ ಓಡುತ್ತೆ. ನಿನ್ನಮ್ಮನಿಗೆ ಯಾರಿದಾರೆ?"

"ಆರೈಕೆ ಮನೆಗೆ ಹೆಸರು ಬರೆಸಿದೀವಲ್ಲ."

"ಜಾಗ ಸಿಗೋದು ಬರೋ ವರ್ಷ. ಅಲ್ಲೀತನಕ? ನನಗೆ ಎಪ್ಪತ್ತೆಂಟು. ನಾನು ಅವಳನ್ನ ಎತ್ತೋಕೆ ಹೋದ್ರೆ ಇಬ್ರಿಗೂ ಸೇರಿ ಒಂದೇ ಗುಂಡಿ ತೋಡ್ಬೇಕಾಗುತ್ತೆ."

ಹೆಸ್ಟರ್ ಹಗ್ಗವನ್ನು ಅತ್ತೆಯ ಕೈಗಿಟ್ಟು ಮೆಟ್ಟಿಲು ಹತ್ತಿದಳು.

"ಎಲ್ಲಿಗೆ? ಮಳೆ ಬರೋ ಹಾಗಿದೆ! ಅಮ್ಮ ಕಾಯ್ತಿರ್ತಾಳೆ!"

ಅವಳು ಆಚೆ ಇಳಿದಾಗಿತ್ತು. ಹಿಂದೆ ಒಬ್ಬರೂ ಬರಲಿಲ್ಲ. ತುದಿ ಮುಟ್ಟುವಷ್ಟರಲ್ಲಿ ತುಂತುರು ಹಿಡಿದು ಕೋಟು ತೊಯ್ದು ಭಾರವಾಗಿತ್ತು. ಹೊಳೆ ಇರಲಿಲ್ಲ. ವೇಲ್ಸೂ ಇರಲಿಲ್ಲ. ಸಾಲುಹಿಡಿದು ನೆಟ್ಟ ಸ್ಪ್ರೂಸ್ ಮರಗಳು ಭುಜಕ್ಕೆ ಭುಜ ತಾಗಿಸಿ, ನಾಲ್ಕು ದಿಕ್ಕಿಗೂ ಗೋಡೆ ಕಟ್ಟಿ ನಿಂತಿದ್ದವು. ಸುತ್ತು ಹಾಕಿ ಬಂದಳು. ಗಾಳಿಗೆ ಮರವೊಂದು ಉರುಳಿದ್ದ ಕಡೆ ಒಂದೇ ಒಂದು ಕಿಂಡಿಯಿತ್ತು. ಅದರಲ್ಲಿ ಕಣ್ಣಿಟ್ಟಳು.

ಕೆಳಗೆ, ದೂರದಲ್ಲಿ, ಒಂದು ಹೊಗೆಗೂಡು, ಅದರ ಪಕ್ಕ ಒಂದು ಅಡುಗೆಮನೆಯ ಕಿಟಕಿ. ಅದು ಅವರ ಮನೆಯೇ.

*

ಹೆಸ್ಟರ್ ಮನೆಗೆ ಬಂದಾಗ, ಅಮ್ಮನ ಜೊತೆ ಕೂತಿದ್ದ ಪ್ರೀಸ್‌ನ ಹೆಂಡತಿ ಆಗಲೇ ಹೊರಟುಹೋಗಿದ್ದಳು. ಅತ್ತೆ ಒಳಗೆ ಲೋಟ ತೊಳೆಯುತ್ತಿದ್ದಳು. ಅಮ್ಮ ಕಿಟಕಿಯ ಬಳಿ ಕುರ್ಚಿಯಲ್ಲಿದ್ದಳು. ಕಿರುಚಿರಲಿಲ್ಲ.

"ಒಂದೂವರೆ ಗಂಟೆ," ಅಮ್ಮನ ಮಾತು ಬಾಯಿಯ ಒಂದೇ ಬದಿಯಿಂದ ಬಂತು. "ತುದಿಗೆ ಹೋಗಿದ್ಯಾ?"

"ಹೂಂ."

"ಏನ್ ಕಾಣ್ತು?"

ನಿಜ ನಾಲಿಗೆಯ ತುದಿಯಲ್ಲೇ ಇತ್ತು. "ಹೊಳೆ," ಎಂದಳು ಹೆಸ್ಟರ್. "ತುಂಬಿ ಹರೀತಿದೆ ಅಮ್ಮ. ಆಚೆ ಬೆಟ್ಟದಲ್ಲಿ ಇನ್ನೂ ಹಿಮ ಇದೆ."

ಅಮ್ಮನ ಅರ್ಧ ಮುಖ ನಕ್ಕಿತು. "ತುದಿ ತುಂಬ ಆ ಮರ ನೆಟ್ಟಿದ್ದು ನೀನು ಊರು ಬಿಟ್ಟ ವರ್ಷ. ಹೊಳೆ ಎಲ್ಲಿಂದ ಬಂತು?"

"ಹಾಗಾದ್ರೆ ಅಪ್ಪ ಹೇಳ್ತಿದ್ದಾಗ..."

"ನಲವತ್ತು ನಿಮಿಷಕ್ಕೆ ಹೋಗಿಬರೋಕೆ ನಿಮ್ಮಪ್ಪ ಏನು ಮೊಲಾನಾ? ಮದುವೆಗೆ ಮುಂಚೆ ನಾನೂ ಹತ್ತಿದೋಳೇ."

"ಗೊತ್ತಿದ್ದೂ ಇನ್ನೊಂದು ನಲವತ್ತು ನಿಮಿಷ ಕೊಡೋಕಾಗ್ಲಿಲ್ವಾ ನಿನಗೆ?"

ಒಳಗೆ ಅತ್ತೆ ನಲ್ಲಿ ನಿಲ್ಲಿಸಿದಳು.

"ಭಯ ಕಣೇ. ಬೇಲಿ ದಾಟಿದ ಮೇಲೆ ತಿರುಗಿ ಬರೋ ಮನಸ್ಸೇ ಆಗದೆ ಹೋದ್ರೆ?"

ಹೊರಗೆ ಟ್ಯಾಕ್ಸಿ ಹಾರ್ನ್ ಮಾಡಿತು.

"ಹೋಗು," ಎಂದಳು ಅಮ್ಮ. "ರೈಲು ತಪ್ಪುತ್ತೆ."

ಹಾಗೆಂದವಳ ಗಟ್ಟಿ ಕೈ ಹೆಸ್ಟರ್‌ಳ ಕೋಟಿನ ತೋಳನ್ನು ಹಿಡಿದುಕೊಂಡಿತ್ತು. ಬಿಡಲಿಲ್ಲ. ಹಿಡಿದಿರುವುದು ಅವಳಿಗೆ ಗೊತ್ತಿದ್ದ ಹಾಗೂ ಕಾಣಲಿಲ್ಲ. ಇನ್ನೊಂದು ಸಲ ಹಾರ್ನ್ ಆಯಿತು.

"ಹಿಮ ಅಂದ್ಯಲ್ಲ," ಅಮ್ಮ ಕೇಳಿದಳು. "ಎಷ್ಟಿತ್ತು?"

ಹೆಸ್ಟರ್ ಮೊದಲು ಒಂದು ತೋಳು, ಆಮೇಲೆ ಅಮ್ಮ ಹಿಡಿದಿದ್ದ ತೋಳು, ಕೋಟಿನಿಂದ ಮೆಲ್ಲಗೆ ಬಿಡಿಸಿಕೊಂಡು ಸ್ಟೂಲಿನ ಮೇಲೆ ಕೂತಳು. "ತುದಿಯಲ್ಲಿ ಮಾತ್ರ," ಎಂದಳು. "ಸಕ್ಕರೆ ಉದುರಿಸಿದ ಹಾಗೆ."

ಟ್ಯಾಕ್ಸಿ ತಿರುಗಿಕೊಂಡು ಹೋದ ಸದ್ದು ಕೇಳಿಸಿತು. ಅತ್ತೆ ಬಂದು, ಅಮ್ಮನ ಬೆರಳು ಬಿಡಿಸಿ ಕೋಟನ್ನು ಎತ್ತಿಕೊಂಡು, ಬಾಗಿಲ ಹಿಂದೆ ಮೂರು ದಿನದಿಂದ ಬರಿದಾಗಿದ್ದ ಗೂಟಕ್ಕೆ ಸಿಕ್ಕಿಸಿದಳು. ಅದರ ಅಂಚಿನಿಂದ ಮಳೆನೀರು ತೊಟ್ಟು ತೊಟ್ಟಾಗಿ, ಕೆಳಗಿದ್ದ ಅಪ್ಪನ ಬೂಟುಗಳೊಳಗೆ ಬೀಳತೊಡಗಿತು.